ತೂಕ ಇಳೀತಿಲ್ಲ, ಹಾಗಂತ ನಡಿಗೆ ಬಿಡೋದಾ?

ಸಂಜೆ_ನಡಿಗೆ:

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತೇಳು. ದಿನವಿಡೀ ಕೂತು ಮಾಡುವ ಕೆಲಸ. ಹೋದ ವರ್ಷ ತಪಾಸಣೆ ಮಾಡಿಸಿದಾಗ ಬಿಪಿ ಗಡಿಯಲ್ಲಿತ್ತು, ಶುಗರ್ ಕೂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದೆ ಅಂದರು. ಮಾತ್ರೆಗೆ ಮೊದಲು ನಡೆದು ನೋಡಿ ಅಂತ ಡಾಕ್ಟರು ಹೇಳಿದರು. ಆಗಿನಿಂದ ವಾರದಲ್ಲಿ ಐದು ದಿನವಾದರೂ ಸಂಜೆ ಅರ್ಧ ಗಂಟೆ ಬಿರುಸಾಗಿ ನಡೀತಿದ್ದೇನೆ.

ತೂಕ ಮೊದಮೊದಲು ಸ್ವಲ್ಪ ಇಳಿದು ಆಮೇಲೆ ನಿಂತೇಬಿಟ್ಟಿದೆ. ತಿಂಗಳುಗಳಾದರೂ ಮುಳ್ಳು ಅಲ್ಲಾಡಿಲ್ಲ. ಮನೆಯಲ್ಲಿ, ಸ್ನೇಹಿತರಲ್ಲಿ ಎಲ್ಲರದ್ದೂ ಒಂದೇ ಮಾತು: ಇಷ್ಟು ನಡೆದು ಏನು ಬಂತು? ನನಗೇನೋ ವ್ಯತ್ಯಾಸ ಗೊತ್ತಾಗ್ತಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರಲ್ಲ, ರಾತ್ರಿ ಮಲಗಿದರೆ ನಿದ್ದೆ ಬೇಗ ಬರುತ್ತೆ, ಬಿಪಿ ಒಂಚೂರು ಇಳಿದಿದೆ. ಆದರೂ ಕೇಳಿ ಕೇಳಿ ಮನಸ್ಸು ಕುಗ್ಗುತ್ತೆ. ತೂಕ ಇಳಿಯದಿದ್ದರೆ ವ್ಯಾಯಾಮ ದಂಡವಾ? ಇದರ ಫಲವನ್ನ ಯಾವುದರಲ್ಲಿ ಅಳೀಬೇಕು? ತಿಳಿದವರು ಹೇಳಿ.

ಫಿಸಿಯೋ_ಅಕ್ಕ:

ದಯವಿಟ್ಟು ಬಿಡಬೇಡಿ. ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಹಾಗೆ ನಡೆಯುತ್ತಿದ್ದವರು ತೂಕದ ಯಂತ್ರ ನೋಡಿ ಬೇಸತ್ತು ಬಿಟ್ಟು, ನಾಲ್ಕೈದು ವರ್ಷದ ಮೇಲೆ ಬೇರೆ ತೊಂದರೆ ಹೊತ್ತು ಬರುವುದನ್ನು ನೋಡಿ ಸಂಕಟವಾಗುತ್ತದೆ.

ತೂಕ ಇಳಿಸುವುದರಲ್ಲಿ ಊಟದ ಪಾಲು ದೊಡ್ಡದು, ನಡಿಗೆಯ ಪಾಲು ಚಿಕ್ಕದು. ಅರ್ಧ ಗಂಟೆ ನಡೆದರೆ ಖರ್ಚಾಗುವ ಶಕ್ತಿ ನಾವು ಅಂದುಕೊಂಡಷ್ಟು ಇರುವುದಿಲ್ಲ, ಮೇಲಾಗಿ ಹಸಿವು ಸ್ವಲ್ಪ ಹೆಚ್ಚಿ ಅದನ್ನು ತುಂಬಿಸಿಬಿಡುತ್ತದೆ. ಹಾಗಾಗಿ ಮುಳ್ಳು ನಿಲ್ಲುವುದು ಸಹಜ. ಆದರೆ ಒಳಗೆ ಆಗುವ ಕೆಲಸಕ್ಕೂ ಆ ಮುಳ್ಳಿಗೂ ಸಂಬಂಧ ಕಡಿಮೆ.

ಶುಗರ್ ವಿಷಯವನ್ನೇ ತೆಗೆದುಕೊಳ್ಳಿ. ರಕ್ತದಲ್ಲಿರುವ ಸಕ್ಕರೆ ಸ್ನಾಯುವಿನ ಜೀವಕೋಶದೊಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬೇಕು. ಹೊಸ್ತಿಲಲ್ಲಿ ಇರುವವರಲ್ಲಿ ಜೀವಕೋಶಗಳು ಇನ್ಸುಲಿನ್ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಸ್ನಾಯು ದುಡಿಯುವಾಗ ಮಾತ್ರ ಬೇರೆ ದಾರಿ ತೆರೆದುಕೊಳ್ಳುತ್ತದೆ. ಗ್ಲುಟ್-4 ಎಂಬ ಪ್ರೋಟೀನು ಜೀವಕೋಶದ ಹೊರಪದರಕ್ಕೆ ಬಂದು ಇನ್ಸುಲಿನ್ ಇಲ್ಲದೆಯೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಡಿಗೆ ನಿಲ್ಲಿಸಿದ ಮೇಲೂ ಒಂದೆರಡು ದಿನ ಸ್ನಾಯುಗಳು ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುತ್ತವೆ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ ಎಂದು ಶುಗರ್ ಇರುವವರಿಗೆ ಹೇಳುವುದು ಇದಕ್ಕೇ. ಇವೆಲ್ಲ ಒಂದು ಕೆಜಿ ಇಳಿಯದಿದ್ದರೂ ನಡೆಯುತ್ತವೆ.

ಹಳೇ_ಪುಟಗಳು:

ಫಿಸಿಯೋ ಅಕ್ಕ ಹೇಳಿದ್ದಕ್ಕೆ ಒಂದು ಹಳೆಯ ಸಾಕ್ಷಿ ಇದೆ, ನನಗೆ ಬಹಳ ಇಷ್ಟವಾದದ್ದು.

ಎರಡನೇ ಮಹಾಯುದ್ಧ ಮುಗಿದ ಕಾಲ. ಹೃದಯಾಘಾತ ಏಕೆ ಇಷ್ಟು ಹೆಚ್ಚುತ್ತಿದೆ ಎಂದು ಯಾರಿಗೂ ಸ್ಪಷ್ಟವಿರಲಿಲ್ಲ. ಬ್ರಿಟನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ ಸಾರಿಗೆ ನೌಕರರ ದಾಖಲೆಗಳನ್ನು ಹಿಡಿದು ಕೂತರು. ಡಬಲ್ ಡೆಕರ್ ಬಸ್ಸು, ಒಂದೇ ಸಂಸ್ಥೆ, ಹೆಚ್ಚುಕಮ್ಮಿ ಒಂದೇ ಬಗೆಯ ಮನೆತನಗಳಿಂದ ಬಂದ ಗಂಡಸರು. ಡ್ರೈವರ್ ಇಡೀ ಪಾಳಿ ಕೂತಿರುತ್ತಾನೆ. ಕಂಡಕ್ಟರ್ ಇಡೀ ಪಾಳಿ ಮೇಲೆ ಕೆಳಗೆ ಹತ್ತಿಳಿಯುತ್ತಾನೆ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ, ಬಂದಾಗ ಸಾಯುವುದೂ ಕಡಿಮೆ. ಕೂತು ಕೆಲಸ ಮಾಡುವ ಸರ್ಕಾರಿ ಗುಮಾಸ್ತರನ್ನೂ ನಡೆದು ಟಪಾಲು ಹಂಚುವವರನ್ನೂ ಹೋಲಿಸಿದಾಗಲೂ ಹೀಗೇ ಕಂಡಿತು.

ಆಗ ಕೆಲವರು, ಡ್ರೈವರುಗಳು ಮೊದಲೇ ದಪ್ಪಗಿದ್ದರೇನೋ ಎಂದು ಆಕ್ಷೇಪ ಎತ್ತಿದರು. ನ್ಯಾಯವಾದ ಪ್ರಶ್ನೆ. ಮಾರಿಸ್ ತಂಡ ಸಮವಸ್ತ್ರದ ಲೆಕ್ಕಪತ್ರ ತೆಗೆಸಿ ಪ್ಯಾಂಟಿನ ಸೊಂಟದ ಅಳತೆ ನೋಡಿತು. ಡ್ರೈವರುಗಳ ಸೊಂಟ ದಪ್ಪವಿದ್ದದ್ದು ನಿಜ. ಆದರೆ ಸಣ್ಣಗಿರುವವರನ್ನು ಸಣ್ಣಗಿರುವವರ ಜೊತೆ, ದಪ್ಪಗಿರುವವರನ್ನು ದಪ್ಪಗಿರುವವರ ಜೊತೆ ಹೋಲಿಸಿದರೂ ಹಠಾತ್ ಸಾವು ಕಂಡಕ್ಟರುಗಳಲ್ಲೇ ಕಡಿಮೆ. ದಪ್ಪಗಿದ್ದರೂ ಮೆಟ್ಟಿಲು ಹತ್ತಿದವನ ಹೃದಯಕ್ಕೆ ಆ ಶ್ರಮದ ಲಾಭ ಸಂದಿತ್ತು. ಸಂಜೆ ನಡಿಗೆಯವರೇ, ನಿಮ್ಮ ಪ್ರಶ್ನೆಗೆ ಅವತ್ತೇ ಉತ್ತರ ಸಿಕ್ಕಿತ್ತು ನೋಡಿ. ಮಾರಿಸ್ ತಾವೂ ವ್ಯಾಯಾಮ ಬಿಡದೆ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು. ಒಬ್ಬರ ಆಯುಷ್ಯ ಪುರಾವೆಯಲ್ಲ, ಹೇಳದಿರಲು ಮನಸ್ಸಾಗಲಿಲ್ಲ ಅಷ್ಟೆ.

ನೇರ_ಮಾತು:

ಎಲ್ಲ ಸರಿ. ಆದರೆ ನಮ್ಮ ತಾತ ಒಂದು ದಿನ ವ್ಯಾಯಾಮ ಅಂತ ಮಾಡಿದವರಲ್ಲ, ಹೊಗೆ ಸೇದುತ್ತಲೇ ತೊಂಬತ್ತು ದಾಟಿದರು. ಪಕ್ಕದ ಮನೆಯವರು ದಿನಾ ಓಡುತ್ತಿದ್ದರು, ಐವತ್ತಕ್ಕೇ ಹೋದರು. ಕೊನೆಗೆ ಎಲ್ಲ ಹುಟ್ಟಿನಿಂದ ಬಂದದ್ದೇ ಅನಿಸುತ್ತೆ.

ಹಳೇ_ಪುಟಗಳು:

ತಾತ ವ್ಯಾಯಾಮ ಅಂತ ಮಾಡಿರಲಿಕ್ಕಿಲ್ಲ. ದಿನವಿಡೀ ಏನು ಮಾಡುತ್ತಿದ್ದರು ಎಂದು ಒಮ್ಮೆ ಮನೆಯ ಹಿರಿಯರನ್ನು ಕೇಳಿ. ನಡೆದು ಓಡಾಡಿ, ಎತ್ತಿ ಇಳಿಸಿ, ನೆಲದಲ್ಲಿ ಕೂತೆದ್ದು ಬದುಕಿದ ತಲೆಮಾರಿಗೆ ವ್ಯಾಯಾಮಕ್ಕೆಂದು ಬೇರೆ ಹೊತ್ತು ಬೇಕಿರಲಿಲ್ಲ.

ಹೊಗೆಯ ಮಾತಿಗೆ ಬಂದರೆ, ತೊಂಬತ್ತು ದಾಟಿದ ತಾತ ನಮ್ಮ ಕಣ್ಣಿಗೆ ಬೀಳುತ್ತಾರೆ, ಅರವತ್ತಕ್ಕೆ ಹೋದವರು ಮಾತಿನಲ್ಲಿ ಉಳಿಯುವುದಿಲ್ಲ. ರಿಚರ್ಡ್ ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದರು. ಸೇದುತ್ತಲೇ ಇದ್ದವರು ಎಂದೂ ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲು ಸತ್ತರು. ನನಗೆ ಮುಖ್ಯವೆನಿಸುವುದು ಅದರ ಇನ್ನೊಂದು ಭಾಗ: ಅರವತ್ತರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, ಐವತ್ತರಲ್ಲಿ ಬಿಟ್ಟವರಿಗೆ 6, ನಲವತ್ತರಲ್ಲಿ 9, ಮೂವತ್ತರಲ್ಲಿ ಬಿಟ್ಟವರಿಗೆ ಹೆಚ್ಚುಕಮ್ಮಿ ಕಳೆದುಕೊಳ್ಳಬೇಕಿದ್ದ ಹತ್ತೂ ವರ್ಷ ಮರಳಿ ಸಿಕ್ಕವು. ಹುಟ್ಟಿನಿಂದ ಬಂದದ್ದರ ಪಾಲು ಇದ್ದೇ ಇದೆ, ಯಾರೂ ಅಲ್ಲಗಳೆಯಲ್ಲ. ನಮ್ಮ ಕೈಯಲ್ಲಿರುವ ಪಾಲೂ ಇಷ್ಟು ದೊಡ್ಡದಿದೆ.

ನೇರ_ಮಾತು:

ತಾತ ಹೊಲದಲ್ಲೇ ಇದ್ದವರು, ನಿಜ. ಆ ಕಡೆಯಿಂದ ಯೋಚಿಸಿರಲಿಲ್ಲ.

ಎರಡನೇ_ಪಾಳಿ:

ನಂದು ಬೇರೆ ಗೋಳು. ಇಬ್ಬರು ಚಿಕ್ಕ ಮಕ್ಕಳು, ಪಾಳಿ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅರ್ಧ ಗಂಟೆ ಒಟ್ಟಿಗೆ ಸಿಗುವುದೇ ಇಲ್ಲ. ಹತ್ತು ಸಾವಿರ ಹೆಜ್ಜೆ ಅಂತಾರೆ, ಅದನ್ನ ಕೇಳಿದರೇ ಕೈ ಚೆಲ್ಲಿ ಕೂರೋಣ ಅನಿಸುತ್ತೆ. ನಮ್ಮಂಥವರು ಏನು ಮಾಡಬೇಕು?

ಫಿಸಿಯೋ_ಅಕ್ಕ:

ತಂಗಿ, ಮೊದಲು ಹತ್ತು ಸಾವಿರದ ಭಾರ ಇಳಿಸಿಬಿಡಿ. ಆ ಸಂಖ್ಯೆ ಸಂಶೋಧನೆಯಿಂದ ಬಂದದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ನಂತರ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಲ್ಲಿ ಅದಿತ್ತು, ಅಲ್ಲಿಂದ ಜಗತ್ತಿಗೆ ಹಬ್ಬಿತು. ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಎಪ್ಪತ್ತೆರಡು ವರ್ಷದ ಹೆಂಗಸರಿದ್ದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. 7,500ರ ಆಸುಪಾಸಿನಲ್ಲಿ ಲಾಭ ಏರುವುದು ನಿಂತಿತು. ಅತಿ ಕಡಿಮೆ ಓಡಾಡುವವರು ಸ್ವಲ್ಪ ಹೆಚ್ಚಿಸಿದಾಗ ಸಿಗುವ ಲಾಭವೇ ಎಲ್ಲಕ್ಕಿಂತ ದೊಡ್ಡದು.

ಇನ್ನು ಒಟ್ಟಿಗೆ ಅರ್ಧ ಗಂಟೆಯ ಮಾತು. ಹಿಂದೆ ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಎಂಬ ನಿಯಮವಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟಿತು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. ಹೇಗೆ ಚೂರುಚೂರು ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಮಧ್ಯಮ ಎಂದರೆ ಮಾತಾಡಬಹುದು, ಹಾಡಲಾಗದು. ಜೋರು ಎಂದರೆ ನಾಲ್ಕು ಪದಕ್ಕೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕು.

ನಿಮ್ಮ ಅತ್ತೆಯವರನ್ನು ಎತ್ತಿ ಕೂರಿಸುವುದೂ ಶ್ರಮವೇ. ಆದರೆ ಅದು ಬೆನ್ನನ್ನು ದಣಿಸುತ್ತದೆ, ಹೃದಯಕ್ಕೆ ಬೇಕಾದ ಲಯ ಕೊಡುವುದಿಲ್ಲ. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ, ಅವರನ್ನು ಮೈಗೆ ಹತ್ತಿರ ಹಿಡಿದು ಎತ್ತಿ. ಇದನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ. ಆರೈಕೆ ಮಾಡುವವರೇ ಬೆನ್ನು ಹಿಡಿದು ಮಲಗುವುದನ್ನು ತುಂಬಾ ನೋಡಿದ್ದೇನೆ.

ಮೆಟ್ಟಿಲ_ಹುಡುಗ:

@ಎರಡನೇ_ಪಾಳಿ ಅಕ್ಕಾ, 2022ರಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನಲ್ಲಿ ವ್ಯಾಯಾಮವೇ ಮಾಡಲ್ಲ ಅನ್ನೋ ಸುಮಾರು 25,000 ಜನರ ಕೈಗೆ ಚಲನೆ ಅಳೆಯೋ ಪಟ್ಟಿ ಕಟ್ಟಿ ನೋಡಿದ್ರು. ದಿನಕ್ಕೆ ಮೂರು ಸಲ, ಒಂದೆರಡು ನಿಮಿಷ ಮಾತ್ರ ಏದುಸಿರು ಬರೋ ಹಾಗೆ ಮೆಟ್ಟಿಲು ಹತ್ತೋದು, ಬಸ್ಸಿಗೆ ಓಡೋದು ಇಂಥದ್ದು ಇದ್ದವರಲ್ಲೂ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಮೊದಲೇ ಗಟ್ಟಿಮುಟ್ಟಾಗಿ ಇರೋರೇ ಹಾಗೆ ಓಡಾಡ್ತಾರೇನೋ ಅನ್ನೋ ಅನುಮಾನ ಪೂರ್ತಿ ಹೋಗಲ್ಲ, ಆದರೂ ಸಮಯ ಇಲ್ಲದೋರಿಗೆ ಇದು ದೊಡ್ಡ ಸಮಾಧಾನ. ನಾನು ಲಿಫ್ಟ್ ಬಿಟ್ಟು ಜೋರಾಗಿ ಮೆಟ್ಟಿಲು ಹತ್ತೋಕೆ ಶುರು ಮಾಡಿದ್ದು ಇದನ್ನ ಓದಿದ ಮೇಲೇ.

ಎರಡನೇ_ಪಾಳಿ:

ಇಬ್ಬರಿಗೂ ಧನ್ಯವಾದ. ಒಂದೆರಡು ನಿಮಿಷ ಅಂದರೆ ಧೈರ್ಯ ಬರುತ್ತೆ. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರುವಾಗ ಏರು ದಾರಿ ಇದೆ, ಅದನ್ನೇ ಜೋರಾಗಿ ಹತ್ತುತ್ತೇನೆ.

ನಿವೃತ್ತ_ಮೇಷ್ಟ್ರು:

ನನಗೆ ಎಪ್ಪತ್ತೊಂದು. ನಡಿಗೆಯ ಬಗ್ಗೆ ಎಲ್ಲರೂ ಹೇಳಿದ್ದೀರಿ, ಸಂತೋಷ. ಶಕ್ತಿಯ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ತೂಕದ ಯಂತ್ರ ಇದನ್ನು ತೋರಿಸುವುದೇ ಇಲ್ಲ. ಸ್ನಾಯು ಹೋಗಿ ಕೊಬ್ಬು ಬಂದರೆ ತೂಕ ಅಷ್ಟೇ ಇರುತ್ತದೆ, ಆದರೆ ಕಾಲು ಮೊದಲಿನ ಕಾಲಲ್ಲ. ನನ್ನ ಓರಗೆಯವರಲ್ಲಿ ಪರಾಧೀನರಾದವರು ಬಹುಪಾಲು ಯಾವುದೋ ದೊಡ್ಡ ಕಾಯಿಲೆಯಿಂದ ಆದವರಲ್ಲ. ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆದವರು. ಕುರ್ಚಿಯಿಂದ, ಶೌಚಾಲಯದಿಂದ ತಾನಾಗಿ ಏಳಲು ಆಗದ ದಿನವೇ ಮನುಷ್ಯ ಇನ್ನೊಬ್ಬರ ಕೈಗೆ ಬೀಳುತ್ತಾನೆ. ವೃದ್ಧಾಪ್ಯದಲ್ಲಿ ನನಗೆ ಭಯವಿರುವುದು ಅದೊಂದಕ್ಕೇ.

ವಯಸ್ಸಾಯಿತು, ಇನ್ನೇನು ಎನ್ನುವವರಿಗೆ 1990ರಲ್ಲಿ ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನ್ ಪ್ರಕಟಿಸಿದ ಪ್ರಯೋಗವನ್ನು ಹೇಳುತ್ತೇನೆ. ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ ತೊಂಬತ್ತು ವರ್ಷದ ಹತ್ತು ಮಂದಿ. ಎಂಟು ವಾರ ಕಾಲಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು, ಅದೂ ಮೆತ್ತಗೆ ಅಲ್ಲ, ಅವರ ಕೈಲಾದಷ್ಟರಲ್ಲಿ ಭಾರವೇ. ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟರು. ನಾಲ್ಕು ವಾರ ನಿಲ್ಲಿಸಿದ ಕೂಡಲೇ ಗಳಿಸಿದ ಬಲ ಇಳಿಯಲು ಶುರುವಾಯಿತೆಂಬುದನ್ನೂ ಅವರೇ ದಾಖಲಿಸಿದ್ದಾರೆ. ತೊಂಬತ್ತರಲ್ಲಿ ಸ್ನಾಯು ಬೆಳೆಯುತ್ತದೆಂದರೆ ನಲವತ್ತೇಳರ ನಿಮಗೆ ಏನು ಅಡ್ಡಿ?

ನನ್ನ ಅಭ್ಯಾಸ ಸರಳ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವುದು. ಹಿಡಿದುಕೊಳ್ಳಲು ಪಕ್ಕದಲ್ಲಿ ಏನಾದರೂ ಇರಲಿ.

ಫಿಸಿಯೋ_ಅಕ್ಕ:

ಮೇಷ್ಟ್ರೇ, ನಮಸ್ಕಾರ. ನೀವು ಹೇಳಿದ್ದು ಮಾರ್ಗಸೂಚಿಯಲ್ಲೂ ಇದೆ: ಎಲ್ಲ ವಯಸ್ಕರಿಗೂ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ, ಹಿರಿಯರಿಗೆ ಮೂರು ದಿನ ಸಮತೋಲನದ ಅಭ್ಯಾಸ. ಎಲ್ಲರೂ ಮರೆಯುವ ಸಾಲು ಅದು.

ಗಡಿಯಾಚೆ:

ನನ್ನದೂ ಸಂಜೆ ನಡಿಗೆಯವರ ಹಾಗೇ ಶುಗರ್ ಹೊಸ್ತಿಲ ಕತೆ, ಆದ್ದರಿಂದ ಇದನ್ನ ಹುಡುಕಿ ಓದಿದ್ದೇನೆ. ಅಮೆರಿಕದಲ್ಲಿ ಹೊಸ್ತಿಲಲ್ಲಿದ್ದ 3,234 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಒಂದು ಗುಂಪಿಗೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ. ಇನ್ನೊಂದಕ್ಕೆ ವಾರಕ್ಕೆ 150 ನಿಮಿಷ ಶ್ರಮ, ಊಟದಲ್ಲಿ ಹತೋಟಿ, ಶೇ. 7ರಷ್ಟು ತೂಕ ಇಳಿಸುವ ಗುರಿ. ಮೂರನೆಯದಕ್ಕೆ ಬರೀ ಹುಸಿ ಮಾತ್ರೆ. ಅದಕ್ಕೆ ಹೋಲಿಸಿದರೆ ಮಾತ್ರೆಯವರಲ್ಲಿ ಸಕ್ಕರೆ ಕಾಯಿಲೆ ಶೇ. 31ರಷ್ಟು ಕಡಿಮೆ, ಅಭ್ಯಾಸ ಬದಲಿಸಿಕೊಂಡವರಲ್ಲಿ ಶೇ. 58ರಷ್ಟು ಕಡಿಮೆ.

ತೂಕ ಇಳಿದದ್ದೇ ಅಲ್ಲಿ ದೊಡ್ಡ ಕಾರಣ, ಅದನ್ನ ಮುಚ್ಚಿಡಬಾರದು. ಆದರೆ ಆಮೇಲೆ ಅದೇ ಜನರ ಲೆಕ್ಕವನ್ನ ಬಿಡಿಸಿ ನೋಡಿದಾಗ, ಮೊದಲ ವರ್ಷದಲ್ಲಿ ತೂಕದ ಗುರಿ ಮುಟ್ಟದೆ ಶ್ರಮದ ಗುರಿ ಮಾತ್ರ ಮುಟ್ಟಿದವರಲ್ಲೂ ಸಕ್ಕರೆ ಕಾಯಿಲೆ ಶೇ. 44ರಷ್ಟು ಕಡಿಮೆ ಕಂಡಿತು. ಸಂಜೆ ನಡಿಗೆ ಸರ್, ಇದು ನಿಮ್ಮದೇ ಸ್ಥಿತಿ. ಮನೆಯವರಿಗೆ ಇದನ್ನೇ ಓದಿ ಹೇಳಿ. ಊಟದ ಕಡೆ ಗಮನ ಕೊಟ್ಟರೆ ತೂಕವೂ ಜೊತೆಗೆ ಬರಬಹುದು: ಸಕ್ಕರೆ ಹಾಕಿದ ಪಾನೀಯ ಬಿಡಿ, ಉಪ್ಪು ದಿನಕ್ಕೆ ಐದು ಗ್ರಾಂ ಒಳಗೆ ಇರಲಿ, ತರಕಾರಿ ಕಾಳು ಹೆಚ್ಚಲಿ. ಏಳು ಗಂಟೆಗಿಂತ ಕಡಿಮೆ ನಿದ್ದೆ ಮಾಡಿದರೆ ಮಾರನೇ ದಿನ ಹಸಿವೂ ಹೆಚ್ಚು, ನಡೆಯುವ ಉತ್ಸಾಹವೂ ಕಡಿಮೆ, ಅದು ನನಗೆ ಪ್ರತೀ ಸಲ ಗೊತ್ತಾಗುತ್ತೆ.

ಮತ್ತೆ_ಶುರು:

ನಾನು ವರ್ಷಗಟ್ಟಲೆ ಚೆನ್ನಾಗಿ ಮಾಡುತ್ತಿದ್ದೆ. ಡೆಂಗಿ ಬಂದು ಮಲಗಿದ ಮೇಲೆ ಎಲ್ಲ ನಿಂತುಹೋಯಿತು. ಈಗ ಶುರು ಮಾಡೋಕೆ ಹೋದರೆ ಮೊದಲಿನ ಅರ್ಧವೂ ಆಗಲ್ಲ. ಅಷ್ಟು ವರ್ಷ ಮಾಡಿದ್ದು ನೀರಿನಲ್ಲಿ ಹೋಮ ಆಯ್ತಲ್ಲ ಅನ್ನೋ ದುಃಖ.

ಹಳೇ_ಪುಟಗಳು:

ಮಲಗಿದರೆ ಶಕ್ತಿ ಇಳಿಯುವುದು ಎಷ್ಟು ಬೇಗ ಎನ್ನುವುದಕ್ಕೆ 1966ರ ಡಲ್ಲಾಸ್ ಪ್ರಯೋಗವಿದೆ. ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಇಟ್ಟರು. ಆಮ್ಲಜನಕ ಬಳಸುವ ಅವರ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಮತ್ತೆ ಕರೆಸಿ ಅಳೆದಾಗ, ಮೂವತ್ತು ವರ್ಷದ ವಯಸ್ಸು ತಂದ ಇಳಿಕೆಗಿಂತ ಆ ಮೂರು ವಾರದ ಹಾಸಿಗೆ ತಂದ ಇಳಿಕೆಯೇ ದೊಡ್ಡದಾಗಿತ್ತು. ನಿಮ್ಮ ದೇಹದಲ್ಲಿ ಆಗಿರುವುದೂ ಇದೇ, ನಿಮ್ಮ ಪ್ರಯತ್ನದ ತಪ್ಪಲ್ಲ. ಅದರ ಮುಂದಿನ ಭಾಗವನ್ನೂ ಕೇಳಿ: ಐವತ್ತು ದಾಟಿದ ಆ ಐವರು ಆರು ತಿಂಗಳು ಕ್ರಮವಾಗಿ ತರಬೇತಿ ಪಡೆದು, ಇಪ್ಪತ್ತರಲ್ಲಿ ಮಲಗುವ ಮೊದಲು ಇದ್ದ ಮಟ್ಟಕ್ಕೆ ಮರಳಿದರು.

ಫಿಸಿಯೋ_ಅಕ್ಕ:

ಡೆಂಗಿಯ ನಂತರ ಸುಸ್ತು ವಾರಗಟ್ಟಲೆ ಇರುವುದುಂಟು. ಮೊದಲಿನ ಅರ್ಧದಿಂದಲ್ಲ, ಕಾಲು ಭಾಗದಿಂದ ಶುರು ಮಾಡಿ. ಮಾರನೇ ದಿನ ಹಾಸಿಗೆಯಿಂದ ಏಳಲಾಗದಷ್ಟು ಸುಸ್ತಾದರೆ ಅದು ಹೆಚ್ಚಾಯಿತು ಎಂದರ್ಥ.

ಎಲ್ಲರಿಗೂ ಒಂದು ಎಚ್ಚರಿಕೆ. ನಡೆಯುವಾಗ ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಲೆ ಸುತ್ತಿ ಕಣ್ಣು ಕತ್ತಲಾಗುವುದು, ಎಂದಿಲ್ಲದ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಎಂದು ಮಲಗಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ವ್ಯಾಯಾಮ ಹೆಚ್ಚಿಸುವ ಮುನ್ನ ಡಾಕ್ಟರ ಜೊತೆ ಮಾತಾಡಿ, ಶುಗರ್ ತೀರಾ ಇಳಿಯಬಹುದು.

ಮೆಟ್ಟಿಲ_ಹುಡುಗ:

ಒಂದು ದಿನ ತಪ್ಪಿದ್ರೆ ನನಗೆ ಪೂರ್ತಿ ಬಿಟ್ಟುಬಿಡೋ ಸ್ವಭಾವ. ಇದಕ್ಕೇನಾದ್ರೂ ದಾರಿ ಇದ್ಯಾ?

ಗಡಿಯಾಚೆ:

ತಮ್ಮಾ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನೋಡಿದ್ದಾರೆ. ಹೊಸದೊಂದು ಕೆಲಸ ಯೋಚಿಸದೆ ತಾನಾಗೇ ಆಗುವಷ್ಟು ರೂಢಿಯಾಗಲು ಹಿಡಿಯುವ ಕಾಲ ಸರಾಸರಿ 66 ದಿನ, ಆದರೆ ಒಬ್ಬೊಬ್ಬರಿಗೆ 18ರಿಂದ 254ರವರೆಗೆ. ಇಪ್ಪತ್ತೊಂದು ದಿನ ಅನ್ನೋದೆಲ್ಲ ಸುಮ್ಮನೆ. ಮುಖ್ಯ ಏನೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೆಡಲಿಲ್ಲ. ದಿನಾ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಕಟ್ಟಿಬಿಡು. ನಾನು ಊಟ ಮುಗಿದ ಕೂಡಲೇ ಚಪ್ಪಲಿ ಮೆಟ್ಟುತ್ತೇನೆ. ಊಟದ ನಂತರದ ನಡಿಗೆ ಶುಗರ್ ಏರಿಕೆಯನ್ನೂ ತಗ್ಗಿಸುತ್ತೆ.

ಸಂಜೆ_ನಡಿಗೆ:

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಋಣಿ. ಕಂಡಕ್ಟರುಗಳ ಪ್ಯಾಂಟಿನ ಕತೆಯನ್ನ ಮನೆಯಲ್ಲಿ ಓದಿ ಹೇಳಿದೆ, ಈಗ ಹೆಂಡತಿಯೂ ನಾಳೆಯಿಂದ ಬರ್ತೀನಿ ಅಂದಿದ್ದಾಳೆ. ತೂಕದ ಯಂತ್ರಕ್ಕೆ ಬದಲು ಬಿಪಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ), ಸೊಂಟದ ಸುತ್ತಳತೆ ಬರೆದಿಡುತ್ತೇನೆ. ಮೇಷ್ಟ್ರು ಹೇಳಿದ ಕುರ್ಚಿ ವ್ಯಾಯಾಮ ಸೇರಿಸಬೇಕು ಅಂತಿದ್ದೇನೆ, ಆದರೆ ಬಲ ಮಂಡಿ ಆಗಾಗ ನೋಯುತ್ತೆ. ಸವೆತ ಶುರುವಾಗಿದೆ ಅಂದಿದ್ದಾರೆ. ಮಾಡಿದರೆ ಇನ್ನೂ ಸವೆಯಲ್ವಾ?

ಫಿಸಿಯೋ_ಅಕ್ಕ:

ಎಲ್ಲರೂ ಕೇಳುವ ಪ್ರಶ್ನೆ, ಭಯವೂ ಸಹಜ. ಮಂಡಿ ಸವೆತಕ್ಕೆ ಮೊದಲ ಚಿಕಿತ್ಸೆಯೇ ವ್ಯಾಯಾಮ. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಯ ನುಣುಪಾದ ಪದರಕ್ಕೆ, ರಕ್ತನಾಳಗಳಿಲ್ಲ, ಭಾರ ಬಿದ್ದು ಬಿಟ್ಟು ಆಗುವಾಗಲೇ ಕೀಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುವುದು. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ.

ಎತ್ತರದ ಕುರ್ಚಿಯಿಂದ ಶುರು ಮಾಡಿ, ಬೇಕಿದ್ದರೆ ದಿಂಬು ಹಾಕಿ ಇನ್ನಷ್ಟು ಎತ್ತರಿಸಿ. ಕೈ ಊರಿಕೊಂಡರೂ ಪರವಾಗಿಲ್ಲ. ನಿಧಾನವಾಗಿ ಎದ್ದು, ಅದಕ್ಕಿಂತ ನಿಧಾನವಾಗಿ ಕೂತುಕೊಳ್ಳಿ. ಎಂಟು ಹತ್ತು ಸಲ, ನಡುವೆ ವಿಶ್ರಾಂತಿ, ಮತ್ತೊಮ್ಮೆ. ವಾರದಲ್ಲಿ ದಿನ ಬಿಟ್ಟು ದಿನ. ಮಾಡುವಾಗ ತಾಳಿಕೊಳ್ಳುವಷ್ಟು ನೋವು ಬಂದು ಮರುದಿನದ ಹೊತ್ತಿಗೆ ತಗ್ಗಿದರೆ ಮುಂದುವರಿಸಿ. ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡರೆ, ಇದ್ದಕ್ಕಿದ್ದಂತೆ ಕುಸಿದರೆ ನಿಲ್ಲಿಸಿ ಹತ್ತಿರದ ಫಿಸಿಯೋ ಒಬ್ಬರಿಗೆ ತೋರಿಸಿ. ಸುಲಭ ಅನಿಸತೊಡಗಿದಾಗ ದಿಂಬು ತೆಗೆಯಿರಿ, ಆಮೇಲೆ ಕೈ ಬಿಡಿ, ಅದಾದ ಮೇಲೆ ತಗ್ಗು ಕುರ್ಚಿಗೆ ಹೋಗಿ. ಬಸ್ಕಿಯ ಮಾತು ಆಗ ಆಡೋಣ.